ಫಾಂಟ್ ಹೊತ್ತ ಭಾಷೆ: ವೆಬ್‌ನ ಮೊದಲ ದಶಕ ಮತ್ತು ಕನ್ನಡ

1997ರ ಜನವರಿಯಲ್ಲಿ ವೆಬ್ ಪುಟ ಬರೆಯುವ ಕ್ರಮದ ಬಗ್ಗೆ ಎರಡು ದಾಖಲೆಗಳು ಪ್ರಕಟವಾದವು. 14ನೆಯ ತಾರೀಖು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಹೊರಡಿಸಿದ್ದು ಎಚ್‌ಟಿಎಂಎಲ್ 3.2. ಅಕ್ಷರವನ್ನು ದೊಡ್ಡದು ಚಿಕ್ಕದು ಮಾಡಲು, ಬಣ್ಣ ಹಚ್ಚಲು, ಸಾಲನ್ನು ಪುಟದ ನಡುವೆ ನಿಲ್ಲಿಸಲು ಬ್ರೌಸರ್ ಕಂಪನಿಗಳು ತಮ್ಮಷ್ಟಕ್ಕೆ ತಾವೇ ಹುಟ್ಟಿಸಿಕೊಂಡಿದ್ದ ಟ್ಯಾಗ್‌ಗಳಿಗೆ ಅದು ಅಧಿಕೃತ ಮುದ್ರೆ ಒತ್ತಿತು. ಅದೇ ತಿಂಗಳು ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಹೊರತಂದದ್ದು ಆರ್‌ಎಫ್‌ಸಿ 2070. ವೆಬ್ ಪುಟದಲ್ಲಿ ಜಗತ್ತಿನ ಯಾವ ಲಿಪಿ ಬೇಕಾದರೂ ನಿಲ್ಲುವಂತಾಗಬೇಕು, ಪ್ರತಿ ವಾಕ್ಯವೂ ತಾನು ಯಾವ ಭಾಷೆಯದೆಂದು ಹೇಳಿಕೊಳ್ಳುವಂತಾಗಬೇಕು ಎಂಬುದು ಅದರ ಕಾಳಜಿ.

ಒಂದು ತೋರಿಕೆಯ ಕಡೆ ನೋಡುತ್ತಿತ್ತು, ಇನ್ನೊಂದು ಭಾಷೆಯ ಕಡೆ. ಜನರ ಬ್ರೌಸರುಗಳಲ್ಲಿ ಆಗಲೇ ನೆಲೆಯೂರಿದ್ದು ಮೊದಲನೆಯದು. ಎರಡನೆಯದು ಹೇಳಿದ್ದು ಕನ್ನಡಿಗರ ಕಂಪ್ಯೂಟರಿನ ತೆರೆಯ ಮೇಲೆ ನಿಜವಾಗಲು ಇನ್ನೂ ವರ್ಷಗಳು ಬೇಕಾದವು. ಆ ವರ್ಷಗಳಲ್ಲಿ ಕನ್ನಡ ವೆಬ್‌ನಲ್ಲಿ ಇರಲೇ ಇಲ್ಲ ಎಂದಲ್ಲ, ಇತ್ತು. ಆದರೆ ಭಾಷೆಯಾಗಿ ಇರಲಿಲ್ಲ, ಅಲಂಕಾರವಾಗಿ ಇತ್ತು. ಅದು ಹೇಗಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಿನೀವಾದ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್‌ನ ಪ್ರಸ್ತಾವ ಬರೆದದ್ದು 1989ರ ಮಾರ್ಚ್‌ನಲ್ಲಿ. ಮರುವರ್ಷ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ಮೊದಲ ಬ್ರೌಸರ್ ಸಿದ್ಧವಾಯಿತು. ಪುಟ ಬರೆಯಲು ಅವರು ಎಸ್‌ಜಿಎಂಎಲ್ ಎಂಬ ಹಳೆಯ ಪದ್ಧತಿಯ ಜಾಡು ಹಿಡಿದರು. ಅದರ ಬೇರು 1969ರಲ್ಲಿ ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು ಮಾಡಿದ ಕೆಲಸದಲ್ಲಿದೆ. 1986ರಲ್ಲಿ ಅದು ಅಂತರರಾಷ್ಟ್ರೀಯ ಪ್ರಮಾಣವಾಯಿತು. ಆ ಪದ್ಧತಿಯ ಮೂಲತತ್ವ ಒಂದೇ: ಬರಹದ ತುಣುಕು ಏನು ಎಂದು ಗುರುತು ಹಾಕಬೇಕು, ಅದು ಹೇಗೆ ಕಾಣಬೇಕು ಎಂದಲ್ಲ. ಇದು ಅಧ್ಯಾಯದ ಹೆಸರು, ಇದು ಪ್ಯಾರಾ, ಇದು ಪಟ್ಟಿಯ ಒಂದು ಅಂಶ ಎಂದಷ್ಟೇ ಬರೆದಿಟ್ಟರೆ, ಕಾಣಿಸುವ ಕೆಲಸವನ್ನು ಓದುವ ಯಂತ್ರ ನೋಡಿಕೊಳ್ಳುತ್ತದೆ.

1991ರ ಕೊನೆಯಲ್ಲಿ ಬರ್ನರ್ಸ್-ಲೀ ಹಂಚಿಕೊಂಡ ಮೊದಲ ಟ್ಯಾಗ್ ಪಟ್ಟಿಯಲ್ಲಿ 18 ಅಂಶಗಳಿದ್ದವು. ಆರು ದರ್ಜೆಯ ಶೀರ್ಷಿಕೆಗಳು, ಪ್ಯಾರಾ, ಪಟ್ಟಿಗಳು, ವಿಳಾಸ, ಕೊಂಡಿ. ಬಣ್ಣವಿಲ್ಲ, ಫಾಂಟಿನ ಹೆಸರಿಲ್ಲ. ಇದು ಬಡತನವಲ್ಲ, ಆಯ್ಕೆ. ಸರ್ನ್‌ನ ವಿಜ್ಞಾನಿಗಳ ಮೇಜುಗಳ ಮೇಲೆ ಹತ್ತು ಬಗೆಯ ಯಂತ್ರಗಳಿದ್ದವು. ಕೆಲವಕ್ಕೆ ಚಿತ್ರ ತೋರಿಸುವ ಶಕ್ತಿಯಿತ್ತು, ಕೆಲವು ಕಪ್ಪು ತೆರೆಯ ಮೇಲೆ ಒಂದೇ ಅಳತೆಯ ಅಕ್ಷರ ಮೂಡಿಸುವ ಟರ್ಮಿನಲ್‌ಗಳು. ಎಲ್ಲೆಡೆ ಓದಲು ಬರಬೇಕೆಂದರೆ ಬರಹ ಯಾವ ಒಂದು ತೋರಿಕೆಗೂ ಅಂಟಿಕೊಳ್ಳಬಾರದು. ಹಾಗೆಂದು ತೋರಿಕೆಯನ್ನು ಅವರು ಮರೆತಿರಲಿಲ್ಲ. ಆ ಮೊದಲ ಬ್ರೌಸರಿನಲ್ಲೇ ಶೀರ್ಷಿಕೆ ಹೇಗಿರಬೇಕು, ಪ್ಯಾರಾ ಹೇಗಿರಬೇಕು ಎಂದು ನಿಗದಿ ಮಾಡುವ ಶೈಲಿಪಟ್ಟಿ ಇತ್ತು. ಆದರೆ ಅದು ಓದುಗನ ಕೈಯಲ್ಲಿತ್ತು, ಬರೆದವನ ಕೈಯಲ್ಲಲ್ಲ.

ಬರೆಯುವವರಿಗೆ ಇದನ್ನು ಸಹಿಸಲಾಗಲಿಲ್ಲ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಿಂದ ಮಾರ್ಕ್ ಆಂಡ್ರೀಸೆನ್ ಮತ್ತು ಎರಿಕ್ ಬೀನಾ ಅವರ ಮೊಸಾಯಿಕ್ ಬ್ರೌಸರ್ ಬಂದು, ಪುಟದೊಳಗೇ ಚಿತ್ರ ಕಾಣಿಸಿಕೊಂಡ ಮೇಲೆ ವೆಬ್‌ಗೆ ಪತ್ರಿಕೆಯವರು, ಜಾಹೀರಾತಿನವರು, ವ್ಯಾಪಾರಿಗಳು ಬಂದರು. ಅವರು ವರ್ಡ್‌ನಲ್ಲಿ, ಪೇಜ್‌ಮೇಕರ್‌ನಲ್ಲಿ ಕೈ ಪಳಗಿಸಿಕೊಂಡವರು. ಶೀರ್ಷಿಕೆ ನಡುವೆ ಬರಬೇಕು, ಕೆಂಪಾಗಿರಬೇಕು, ಇಷ್ಟೇ ದಪ್ಪವಿರಬೇಕು ಎಂದು ಕೇಳಿದರೆ ವೆಬ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ. ಇಂಥ ಬೇಡಿಕೆಗಳಿಗೆ ‘ಆಗುವುದಿಲ್ಲ’ ಎಂದು ಹೇಳಿ ಹೇಳಿ ಸಾಕಾದ ಅನುಭವವನ್ನು ಆಂಡ್ರೀಸೆನ್ 1994ರ ಆರಂಭದಲ್ಲಿ ವೆಬ್ ಕಟ್ಟುತ್ತಿದ್ದವರ ಅಂಚೆಪಟ್ಟಿಗೆ ಬರೆದ ಒಂದು ಟಿಪ್ಪಣಿಯಲ್ಲಿ ಕಹಿಯಾಗಿಯೇ ದಾಖಲಿಸಿದ್ದಾರೆ.

ಅದೇ ವರ್ಷದ ಅಕ್ಟೋಬರ್ 10ರಂದು ಸರ್ನ್‌ನಲ್ಲಿದ್ದ ನಾರ್ವೆಯ ಹೋಕನ್ ವ್ಯೂಮ್ ಲೀ ಒಂದು ಕರಡು ಪ್ರಕಟಿಸಿದರು. ತೋರಿಕೆಯ ಸೂಚನೆಗಳನ್ನು ಪುಟದ ಹೊರಗೆ ಪ್ರತ್ಯೇಕವಾಗಿಡಬೇಕು. ಬರೆದವನ ಇಷ್ಟ ಮತ್ತು ಓದುವವನ ಇಷ್ಟ ಎರಡಕ್ಕೂ ಅಲ್ಲಿ ಜಾಗವಿರಬೇಕು. ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಶೇಕಡಾವಾರು ಹೇಳಬಹುದು ಎಂಬುದು ಅವರ ಸೂಚನೆ. ಮೂರು ದಿನ ಕಳೆದು, 13ರಂದು, ಆಂಡ್ರೀಸೆನ್ ಸಹಸ್ಥಾಪಕರಾಗಿದ್ದ ಹೊಸ ಕಂಪನಿ ತನ್ನ ನೆಟ್‌ಸ್ಕೇಪ್ ಬ್ರೌಸರಿನ ಪರೀಕ್ಷಾ ಆವೃತ್ತಿಯನ್ನು ಲೋಕಕ್ಕೆ ಬಿಟ್ಟಿತು. ಲೀ ಅವರದು ಕಾಗದದ ಮೇಲಿನ ವಿಚಾರ. ನೆಟ್‌ಸ್ಕೇಪ್ ಇಳಿಸಿಕೊಂಡು ಓಡಿಸಬಹುದಾದ ಸರಕು. ಸೆಂಟರ್, ಫಾಂಟ್, ಬ್ಲಿಂಕ್ ಟ್ಯಾಗ್‌ಗಳು ಅದರ ಜೊತೆಗೆ ಪುಟಗಳಿಗೆ ನುಗ್ಗಿದವು. ವಿಚಾರ ಎಷ್ಟೇ ಸರಿಯಿದ್ದರೂ ಕೈಗೆ ಸಿಕ್ಕ ಸಲಕರಣೆಯೇ ಗೆಲ್ಲುತ್ತದೆ ಎಂಬುದಕ್ಕೆ ಆ ಮೂರು ದಿನಗಳಿಗಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಬ್ಲಿಂಕ್ ಹುಟ್ಟಿದ ಬಗೆಯನ್ನು ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಆಮೇಲೆ ಬರೆದಿಟ್ಟಿದ್ದಾರೆ. ಮೊದಲು ಅವರು ಲಿಂಕ್ಸ್ ಎಂಬ, ಬರೀ ಅಕ್ಷರ ತೋರಿಸುವ ಬ್ರೌಸರಿನ ಕೆಲಸ ಮಾಡಿದವರು. ಹೊಸ ಅಲಂಕಾರಗಳು ಯಾವುವೂ ಲಿಂಕ್ಸ್‌ನಲ್ಲಿ ಮೂಡಲಾರವು, ಹೆಚ್ಚೆಂದರೆ ಅಕ್ಷರ ಮಿಟುಕಿಸಬಹುದು ಎಂದು ಒಂದು ಸಂಜೆ ಗೆಳೆಯರ ನಡುವೆ ಆಡಿದ ಮಾತು ಬೆಳಗಾಗುವಷ್ಟರಲ್ಲಿ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಟ್ಯಾಗ್ ಆಗಿತ್ತು. ಮೈಕ್ರೋಸಾಫ್ಟ್ ಸುಮ್ಮನಿರಲಿಲ್ಲ, ಅಕ್ಷರಗಳು ಪಕ್ಕಕ್ಕೆ ಓಡುವ ಮಾರ್ಕೀ ಟ್ಯಾಗ್ ತಂದಿತು. 1996ರ ಫೆಬ್ರುವರಿಯಲ್ಲಿ ಪ್ರಮಾಣ ರೂಪಿಸುವವರ ಸಭೆಯಲ್ಲಿ, ನೀವು ಮಾರ್ಕೀ ಬಿಟ್ಟರೆ ನಾವು ಬ್ಲಿಂಕ್ ಬಿಡುತ್ತೇವೆ ಎಂಬ ಒಪ್ಪಂದವಾಯಿತು. ಎಚ್‌ಟಿಎಂಎಲ್ 3.2ರಲ್ಲಿ ಎರಡೂ ಸೇರಲಿಲ್ಲ. ನಮ್ಮ ಸರ್ಕಾರಿ ಜಾಲತಾಣಗಳ ನೆತ್ತಿಯ ಮೇಲೆ ಮಾತ್ರ ಓಡುವ ಸಾಲು ಬಹುಕಾಲ ಓಡುತ್ತಲೇ ಇತ್ತು.

ನೆಟ್‌ಸ್ಕೇಪ್‌ನ ಟ್ಯಾಗ್‌ಗಳ ಬೆನ್ನಿಗೇ ಕೋಷ್ಟಕಗಳು ಬಂದವು, ಅಂಕಿ ಅಂಶ ತೋರಿಸಲು ಮಾಡಿದ ಕೋಷ್ಟಕದೊಳಗೆ ಇಡೀ ಪುಟವನ್ನೇ ಕೂರಿಸುವ ಚಾಳಿ ಬಂತು, ಒಂದೇ ಚುಕ್ಕೆಯ ಪಾರದರ್ಶಕ ಚಿತ್ರವನ್ನು ಹಿಗ್ಗಿಸಿ ಜಾಗ ಬಿಡುವ ಉಪಾಯ ಬಂತು. ಈ ಉಪಾಯಗಳನ್ನು 1996ರ ತನ್ನ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಸೀಗಲ್ ಎಂಬ ವಿನ್ಯಾಸಕಾರ ಮರುವರ್ಷವೇ, ವೆಬ್ ಕೆಟ್ಟಿತು, ಕೆಡಿಸಿದ್ದು ನಾನು ಎಂಬರ್ಥದ ಲೇಖನ ಬರೆದರು.

ಇಷ್ಟೆಲ್ಲ ಆದರೂ ಇಂಗ್ಲಿಷಿಗೆ ಆದ ನಷ್ಟ ಅಷ್ಟಕ್ಕಷ್ಟೆ. ಪುಟ ವಿಕಾರವಾಗಿ ಕಾಣಬಹುದು, ನಿಧಾನವಾಗಿ ತೆರೆಯಬಹುದು. ಆದರೆ ಫಾಂಟ್ ಟ್ಯಾಗನ್ನು ಕಿತ್ತೆಸೆದರೂ ಒಳಗಿನ ಇಂಗ್ಲಿಷ್ ಪದ ಇಂಗ್ಲಿಷ್ ಪದವಾಗಿಯೇ ಉಳಿಯುತ್ತಿತ್ತು. ಆ ನೆಮ್ಮದಿ ನಮಗಿರಲಿಲ್ಲ.

ಕಾರಣ ಅಕ್ಷರ ಸಂಕೇತ. 1995ರ ನವೆಂಬರ್‌ನಲ್ಲಿ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಹೆಸರಿನಲ್ಲಿ ಬಂದ ಎಚ್‌ಟಿಎಂಎಲ್ 2.0 ವೆಬ್ ಪುಟದ ಅಕ್ಷರಮಾಲೆ ಯಾವುದೆಂದು ಹೇಳಿತ್ತು: ಐಎಸ್‌ಒ 8859-1, ಅಂದರೆ ಪಶ್ಚಿಮ ಯುರೋಪಿನ ಲ್ಯಾಟಿನ್ ಅಕ್ಷರಗಳು. ಅದರಲ್ಲಿ ಮುದ್ರಿಸಬಹುದಾದ ಚಿಹ್ನೆಗಳು 191. ಫ್ರೆಂಚಿಗೆ ಬೇಕಾದ ‘ಒಇ’ ಜೋಡಕ್ಷರಕ್ಕೂ ಅಲ್ಲಿ ಜಾಗವಿರಲಿಲ್ಲ. ಗ್ರೀಕ್, ರಷ್ಯನ್, ಅರಬ್ಬಿ, ಕನ್ನಡದ ಮಾತು ಹಾಗಿರಲಿ. ಮುಂದೊಂದು ದಿನ ಇದನ್ನು ವಿಸ್ತರಿಸಬೇಕು ಎಂಬ ಅರಿವು ಆ ದಾಖಲೆ ಬರೆದವರಿಗೆ ಇತ್ತು. ಅರಿವಿತ್ತು, ಆದರೆ ಬ್ರೌಸರುಗಳು ಆ ದಿನಕ್ಕೆ ಕಾಯದೆ ಮಾರುಕಟ್ಟೆಯಲ್ಲಿದ್ದವು.

ವಿಪರ್ಯಾಸವೆಂದರೆ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ತನ್ನದೇ ಜಾಗ ಆಗಲೇ ಸಿಕ್ಕಿತ್ತು. ಬರ್ನರ್ಸ್-ಲೀ ತಮ್ಮ ಟ್ಯಾಗ್ ಪಟ್ಟಿ ಹಂಚಿಕೊಂಡ ಅದೇ 1991ರಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಗಿತ್ತು. ಭಾರತದ ಇಸ್ಕಿ ಪ್ರಮಾಣದ 1988ರ ವಿನ್ಯಾಸವನ್ನು ಅನುಸರಿಸಿ ಅದರಲ್ಲಿ ನಮ್ಮ ಲಿಪಿಗಳಿಗೆ ಅಕ್ಕಪಕ್ಕದಲ್ಲಿ 128 ಮನೆಗಳ ಒಂದೊಂದು ಕೇರಿ ಕೊಡಲಾಗಿತ್ತು. ದೇವನಾಗರಿಯ ‘ಕ’ 2325ನೆಯ ಮನೆ. ಏಳು ಕೇರಿ ದಾಟಿದರೆ 3221ರಲ್ಲಿ ಕನ್ನಡದ ‘ಕ’. ಈ ಕೆಲಸ ನಿರ್ದುಷ್ಟವಾಗೇನೂ ಇರಲಿಲ್ಲ. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ‘ಫ’ ಎಂಬರ್ಥದ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಆ ತಪ್ಪು ಇಂದಿಗೂ ಪಟ್ಟಿಯಲ್ಲಿದೆ, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿಯೊಂದಿಗೆ. ಪಂಪನ ಕಾಲದ ಅಕ್ಷರಕ್ಕೆ ಇದಕ್ಕಿಂತ ಹೆಚ್ಚಿನ ಎಚ್ಚರ ಸಲ್ಲಬೇಕಿತ್ತು.

ಮನೆ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ವಾಸ ಸಾಧ್ಯವಾಗಲಿಲ್ಲ. ಕನ್ನಡ ಬರಹ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಆಗುವಂಥದ್ದಲ್ಲ. ಒತ್ತು ಕೆಳಗೆ ಇಳಿಯಬೇಕು, ಗುಣಿತ ಸೇರಿದಾಗ ವ್ಯಂಜನದ ರೂಪವೇ ಬದಲಾಗಬೇಕು. ಸಂಕೇತಗಳ ಸಾಲನ್ನು ನೋಡಿ ಇದನ್ನು ತೆರೆಯ ಮೇಲೆ ಕಟ್ಟಿಕೊಡುವ ತಂತ್ರಾಂಶ ಜನ ಬಳಸುತ್ತಿದ್ದ ವಿಂಡೋಸ್ 95ರಲ್ಲಾಗಲಿ ನೆಟ್‌ಸ್ಕೇಪ್‌ನಲ್ಲಾಗಲಿ ಇರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅಮೆರಿಕದಲ್ಲಿ, ಕೊಲ್ಲಿ ದೇಶಗಳಲ್ಲಿ, ಮುಂಬಯಿಯಲ್ಲಿ ಇದ್ದ ಕನ್ನಡಿಗರಿಗೆ ಕನ್ನಡದಲ್ಲಿ ಓದಬೇಕೆಂಬ ಆಸೆಯಿತ್ತು. ಕಾಯುವುದು ಹೇಗೆ?

ಆಗ ಕೈಗೆ ಸಿಕ್ಕಿದ್ದು ಫಾಂಟ್ ಟ್ಯಾಗಿನ ‘ಫೇಸ್’ ಎಂಬ ಗುಣ. ಇದನ್ನು 1995ರಲ್ಲಿ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೂಲಕ ತಂದದ್ದು ಮೈಕ್ರೋಸಾಫ್ಟ್. ಮರುವರ್ಷ ನೆಟ್‌ಸ್ಕೇಪ್ 3 ಕೂಡ ಒಪ್ಪಿಕೊಂಡಿತು. ಇಂಗ್ಲಿಷ್ ಬರಹವನ್ನು ಟೈಮ್ಸ್ ಬದಲು ಏರಿಯಲ್‌ನಲ್ಲಿ ತೋರಿಸು ಎಂಬಂಥ ಸಣ್ಣ ಆಸೆಗಾಗಿ ಹುಟ್ಟಿದ್ದು ಅದು. ನಮ್ಮವರು ಅದರಲ್ಲಿ ಬೇರೊಂದನ್ನು ಕಂಡರು. ಡಿಟಿಪಿಗಾಗಿ ಕನ್ನಡ ಫಾಂಟುಗಳು ಆಗಲೇ ಇದ್ದವು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಡಲಾಗಿತ್ತು. ಪುಟದಲ್ಲಿ ಲ್ಯಾಟಿನ್ ಅಕ್ಷರಗಳನ್ನೇ ತುಂಬಿ, ಸುತ್ತಲೂ ಫಾಂಟ್ ಫೇಸ್ ಎಂದು ಆ ಕನ್ನಡ ಫಾಂಟಿನ ಹೆಸರು ಹಾಕಿದರೆ ಆಯಿತು. ಓದುಗರ ಯಂತ್ರದಲ್ಲಿ ಅದೇ ಫಾಂಟ್ ಇದ್ದರೆ ಕನ್ನಡ ಮೂಡುತ್ತಿತ್ತು. ಡಾ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’, ಕನ್ನಡದ ಮೊದಲ ಅಂತರಜಾಲ ಪತ್ರಿಕೆ, ಈ ಹಾದಿಯಲ್ಲೇ ಬಂದದ್ದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ ದೂರದೇಶದ ಕನ್ನಡಿಗರ ಕೈಗೂ ಸಾಧನ ಸಿಕ್ಕಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹರಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೆ ಬಂತು. ಈ ಜನರ ಸಾಹಸವನ್ನು ನಾನು ಚಿಕ್ಕದು ಮಾಡಲಾರೆ. ಬೇರೆ ದಾರಿಯೇ ಇಲ್ಲದ ಹೊತ್ತಿನಲ್ಲಿ ಅವರು ಕನ್ನಡವನ್ನು ತೆರೆಯ ಮೇಲೆ ನಿಲ್ಲಿಸಿದರು.

ಆದರೆ ಆ ನಿಲುವಿನ ಒಳಗೇನಿತ್ತು ಎಂದು ನೋಡಬೇಕು. ಮುಂದೆ ಕರ್ನಾಟಕದಲ್ಲಿ ಪ್ರಮಾಣವಾದ ನುಡಿ ಮಾದರಿಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂರುವುದು ಇದು: ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಪಿ ಎಂದರೆ ‘ಕ’ದ ಬುಡ, ಗೀಟಿನ ಎ ಎಂದರೆ ತಲೆಕಟ್ಟು, ಪೌಂಡ್ ಎಂದರೆ ‘ನ’ದ ಬುಡ, ಜೋಡಿ ಎಸ್ ಎಂದರೆ ನ-ಒತ್ತು, ಕ್ಯೂ ಎಂದರೆ ‘ಡ’ದ ಬುಡ. ಒಟ್ಟು ಏಳು ತುಂಡು. ‘ಮ’ ಎಂಬ ಒಂದೇ ಅಕ್ಷರಕ್ಕೆ ‘ವ’ದ ಬುಡ, ಮೇಲೊಂದು ತಲೆಕಟ್ಟು, ಪಕ್ಕಕ್ಕೊಂದು ಕೊಂಬು, ಹೀಗೆ ಮೂರು. ಅಚ್ಚುಕೂಟದ ಮೊಳೆ ಜೋಡಿಸುವವನಿಗೆ ಇದು ಸಹಜವಾದ ಲೆಕ್ಕ; ಏಕೆಂದರೆ ಅವನಿಗೆ ಬೇಕಾದದ್ದು ಕಾಗದದ ಮೇಲಿನ ಆಕಾರ. ಕಂಪ್ಯೂಟರಿಗೆ ಗೊತ್ತಾಗಬೇಕಾದದ್ದು ಅಕ್ಷರ. ಯುನಿಕೋಡಿನಲ್ಲಿ ‘ಕನ್ನಡ’ ಎಂದರೆ ಕ, ನ, ಹಲಂತ, ನ, ಡ ಎಂಬ ಐದೇ ಸಂಕೇತಗಳು. ತಲೆಕಟ್ಟಿಗೆ ಅಲ್ಲಿ ಸಂಕೇತವೇ ಇಲ್ಲ, ಅದು ತೋರಿಕೆಗೆ ಸೇರಿದ್ದು.

ಅರ್ಕಾವತ್ತಿನ ಉದಾಹರಣೆ ಇನ್ನೂ ಚೆನ್ನಾಗಿದೆ. ‘ಸೂರ್ಯ’ ಎನ್ನುವಾಗ ನಾಲಿಗೆಗೆ ಮೊದಲು ಬರುವುದು ‘ರ್’, ಆಮೇಲೆ ‘ಯ’. ಬರೆಯುವಾಗ ‘ಯ’ ಮೊದಲು ಬಂದು ಅರ್ಕಾವತ್ತು ಬಲಗಡೆ ನಿಲ್ಲುತ್ತದೆ. ಫಾಂಟ್ ಪದ್ಧತಿ ಕಣ್ಣಿಗೆ ಕಂಡ ಅನುಕ್ರಮವನ್ನೇ ಕಡತದಲ್ಲಿ ಇಡುತ್ತಿತ್ತು. ಯುನಿಕೋಡ್ ಉಚ್ಚಾರದ ಅನುಕ್ರಮ ಇಡುತ್ತದೆ, ಕಾಣಿಸುವಾಗ ಸ್ಥಾನ ಬದಲಿಸುತ್ತದೆ.

ಪರಿಣಾಮಗಳು ಒಂದೊಂದಾಗಿ ಕಂಡವು. ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತೆರೆದರೆ ಗೀಟು ಚುಕ್ಕೆಗಳ ಲ್ಯಾಟಿನ್ ಅಕ್ಷರರಾಶಿ. ಆದ್ದರಿಂದ ಪ್ರತಿ ಜಾಲತಾಣದ ಬಾಗಿಲಲ್ಲೂ ‘ಮೊದಲು ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ ಎಂದು ಬೇರೆ ಬೇರೆ ತಂತ್ರಾಂಶಗಳು ತುಂಡುಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದರಿಂದ ಒಂದರ ಬರಹ ಇನ್ನೊಂದರಲ್ಲಿ ಓದಲು ಬಾರದು. ಬ್ರೌಸರ್ ತನ್ನ ಬುದ್ಧಿ ಬಳಸಿ ಅಕ್ಷರ ಬದಲಿಸದಿರಲಿ ಎಂದು ಪುಟದ ತಲೆಯಲ್ಲಿ ‘ಬಳಕೆದಾರರೇ ನಿರ್ಧರಿಸಿದ ಸಂಕೇತ’ ಎಂದು ಘೋಷಿಸುವ ರೂಢಿಯೂ ಇತ್ತು. ಹುಡುಕುಯಂತ್ರಕ್ಕೆ ಈ ಪುಟಗಳಲ್ಲಿ ಕನ್ನಡದ ಒಂದು ಪದವೂ ಕಾಣುತ್ತಿರಲಿಲ್ಲ. ಲ್ಯಾಟಿನ್ ತುಂಡುಗಳನ್ನೇ ಕೊಟ್ಟು ಹುಡುಕೋಣವೆಂದರೆ, ಹುಡುಕುಯಂತ್ರ ದೊಡ್ಡಕ್ಷರ ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ. ನುಡಿ ಮಾದರಿಯಲ್ಲಿ ಸಣ್ಣ ಕ್ಯೂ ‘ಡ’ ಆದರೆ ದೊಡ್ಡ ಕ್ಯೂ ‘ಕಿ’. ಅಕಾರಾದಿಯಾಗಿ ಜೋಡಿಸಲು ಹೋದರೆ ಪಟ್ಟಿ ಚೆಲ್ಲಾಪಿಲ್ಲಿ. ದೃಷ್ಟಿಹೀನರಿಗಾಗಿ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಲ್ಯಾಟಿನ್. ಬರಹದ ಅಸ್ತಿತ್ವವೆಲ್ಲ ಒಂದು ಅಲಂಕಾರದ ಟ್ಯಾಗಿಗೆ ನೇತುಬಿದ್ದಿತ್ತು. ಟ್ಯಾಗ್ ಕಳಚಿದರೆ ಭಾಷೆಯೇ ಕಳಚುತ್ತಿತ್ತು.

ಕಣ್ಣಿಗೆ ಕಂಡಂತೆ ಬರಹವನ್ನು ಕೂಡಿಡುವ ಸಂಕಟ ನಮಗೊಬ್ಬರಿಗೇ ಬಂದದ್ದಲ್ಲ. ಹೀಬ್ರೂ ಬಲದಿಂದ ಎಡಕ್ಕೆ ಓಡುವ ಲಿಪಿ. ಬ್ರೌಸರಿಗೆ ಎಡದಿಂದ ಬಲಕ್ಕೆ ಮಾತ್ರ ಗೊತ್ತು. ಹಾಗಾಗಿ ಇಸ್ರೇಲಿನ ಪುಟಗಳಲ್ಲಿ ಪ್ರತಿ ಸಾಲನ್ನೂ ಹಿಂದುಮುಂದಾಗಿ ಬರೆದು, ಸಾಲಿನ ಕೊನೆಯನ್ನು ಕೈಯಿಂದಲೇ ಕತ್ತರಿಸಿ ಇಡುತ್ತಿದ್ದರು. ಹಾಗೆ ಕತ್ತರಿಸದೆ ಬಿಟ್ಟರೆ, ಕಿಟಕಿ ಕಿರಿದಾದಾಗ ವಾಕ್ಯದ ಕೊನೆ ಮೇಲಿನ ಸಾಲಿಗೆ, ಮೊದಲು ಕೆಳಗಿನ ಸಾಲಿಗೆ ಬೀಳುತ್ತಿತ್ತು. ಜಪಾನಿಗೆ ಬೇರೆ ಬಗೆಯ ತೊಂದರೆ: ಅವರಿಗೆ ಸಂಕೇತ ಪದ್ಧತಿಗಳ ಕೊರತೆಯಿರಲಿಲ್ಲ, ಮೂರು ಇದ್ದವು, ಪುಟ ಯಾವುದರಲ್ಲಿದೆ ಎಂದು ಹೇಳುವವರಿರಲಿಲ್ಲ. ಅಲ್ಲಿನ ಎನ್‌ಟಿಟಿ ಸಂಸ್ಥೆಯವರು ಮೊಸಾಯಿಕನ್ನೇ ಬಿಚ್ಚಿ ಜಪಾನಿ ಭಾಷೆಗೆ ಹೊಂದಿಸಿಕೊಂಡರು. ಅವರಿಗೆ ದೊಡ್ಡ ಮಾರುಕಟ್ಟೆಯೂ ದೊಡ್ಡ ಕಂಪನಿಗಳೂ ಇದ್ದವು. ನೆಟ್‌ಸ್ಕೇಪ್ ಬೇಗನೆ ಜಪಾನಿ ಕಲಿಯಿತು.

ಈ ಎಲ್ಲ ಬಗೆಯ ಗೋಜಲಿಗೆ ಒಂದೇ ಬೇರು ಹುಡುಕಿದ್ದು ಆರ್‌ಎಫ್‌ಸಿ 2070. ಬರೆದವರು ನಾಲ್ವರು: ಮಾಂಟ್ರಿಯಲ್‌ನ ಆಲಿಸ್ ಟೆಕ್ನಾಲಜೀಸ್‌ನ ಫ್ರಾಂಸ್ವಾ ಯೆರ್ಜೋ, ಗ್ಯಾವಿನ್ ನಿಕೋಲ್, ಗ್ಲೆನ್ ಆಡಮ್ಸ್ ಮತ್ತು ಜೂರಿಕ್ ವಿಶ್ವವಿದ್ಯಾಲಯದ ಮಾರ್ಟಿನ್ ಡ್ಯೂರ್ಸ್ಟ್. ಅವರು ಎರಡು ಸಂಗತಿಗಳನ್ನು ಬಿಡಿಸಿ ಹೇಳಿದರು. ಪುಟ ತಂತಿಯ ಮೇಲೆ ಯಾವ ಬೈಟುಗಳಾಗಿ ಬರುತ್ತದೆ ಎಂಬುದು ಒಂದು. ಆ ಬೈಟುಗಳು ಯಾವ ಅಕ್ಷರಗಳನ್ನು ಸೂಚಿಸುತ್ತವೆ ಎಂಬುದು ಇನ್ನೊಂದು. ಬೈಟುಗಳ ರೂಪ ಏನೇ ಇರಲಿ, ಎಚ್‌ಟಿಎಂಎಲ್ ಪುಟದ ಅಕ್ಷರಮಾಲೆ ಮಾತ್ರ ಇನ್ನು ಮೇಲೆ ಐಎಸ್‌ಒ 10646, ಅಂದರೆ ಯುನಿಕೋಡಿನದೇ ಮಾಲೆ. ಈ ನಿಯಮದಂತೆ ಕ ಎಂದು ಬರೆದರೆ ಜಗತ್ತಿನ ಯಾವ ಮೂಲೆಯ ಪುಟದಲ್ಲಾದರೂ, ಯಾವ ಫಾಂಟಿನ ಹೆಸರಿದ್ದರೂ ಇಲ್ಲದಿದ್ದರೂ, ಅದು ಕನ್ನಡದ ‘ಕ’. ಎಚ್‌ಟಿಎಂಎಲ್ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೀರ್ಮಾನ ಇದು. ಚಿತ್ರ ತೋರಿಸುವ ಟ್ಯಾಗಿಗಿಂತ, ಕೋಷ್ಟಕಕ್ಕಿಂತ ದೊಡ್ಡದು.

ಅದರ ಜೊತೆಗೆ ‘ಲ್ಯಾಂಗ್’ ಎಂಬ ಗುಣ ಬಂತು: ಯಾವ ಟ್ಯಾಗಿಗಾದರೂ ಭಾಷೆಯ ಗುರುತು ಅಂಟಿಸಬಹುದು, ಕನ್ನಡಕ್ಕೆ ‘ಕೆಎನ್’. ಬರಹದ ದಿಕ್ಕು ಹೇಳುವ ‘ಡಿರ್’ ಬಂತು. ಇನ್ನೆರಡು ಪುಟ್ಟ ವಸ್ತುಗಳೂ ಬಂದವು, ಕಣ್ಣಿಗೆ ಕಾಣದವು. ಅಕ್ಷರಗಳು ಕೂಡಿಕೊಳ್ಳಲಿ ಎನ್ನುವ ಗುರುತು ಒಂದು, ಕೂಡಿಕೊಳ್ಳದಿರಲಿ ಎನ್ನುವ ಗುರುತು ಇನ್ನೊಂದು. ಅಂದು ಮನಸ್ಸಿನಲ್ಲಿದ್ದದ್ದು ಅರಬ್ಬಿ ಲಿಪಿ ಬಳಸುವ ಪರ್ಷಿಯನ್‌ನಂಥ ಭಾಷೆಗಳು. ಇಂದು ಅವಿಲ್ಲದೆ ಕನ್ನಡ ನಡೆಯದು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ವ’ಕಾರ ‘ಟ’ಕಾರದ ಕೆಳಗೆ ಒತ್ತಾಗಿ ಇಳಿಯದೆ ನೆಟ್ಟಗೆ ನಿಂತಿರುವುದು ಎರಡನೆಯದರಿಂದ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದೆ ‘ರ’ಕಾರಕ್ಕೆ ಯ-ಒತ್ತು ಬಂದಿರುವುದು ಮೊದಲನೆಯದರಿಂದ.

1997ರ ಡಿಸೆಂಬರ್ 18ರಂದು ಬಂದ ಎಚ್‌ಟಿಎಂಎಲ್ 4.0ರಲ್ಲಿ ತೋರಿಕೆಯ ಹೊಳೆಯೂ ಭಾಷೆಯ ಹೊಳೆಯೂ ಕೂಡಿದವು. ಆರ್‌ಎಫ್‌ಸಿ 2070 ಹೇಳಿದ್ದನ್ನು ಅದು ಮೈಗೂಡಿಸಿಕೊಂಡಿತು. ಅಲಂಕಾರದ ಟ್ಯಾಗ್‌ಗಳನ್ನು, ಇರಲಿ ಆದರೆ ಇನ್ನು ಬಳಸಬೇಡಿ ಎಂಬ ಪಟ್ಟಿಗೆ ಸೇರಿಸಿತು. ಇಲ್ಲೊಂದು ಸಂಗತಿಯಿದೆ. ಜನವರಿಯ 3.2ರಲ್ಲಿ ಫಾಂಟ್ ಟ್ಯಾಗಿಗೆ ಗಾತ್ರ ಮತ್ತು ಬಣ್ಣ ಮಾತ್ರ ಇದ್ದವು, ಫೇಸ್ ಇರಲಿಲ್ಲ. 4.0ರಲ್ಲಿ ಫೇಸ್ ಮೊದಲ ಬಾರಿಗೆ ಪ್ರಮಾಣದೊಳಗೆ ಬಂತು, ಬಳಸಬೇಡಿ ಎಂಬ ಪಟ್ಟಿಯಲ್ಲೇ ಬಂತು. ಕನ್ನಡದ ಜಾಲತಾಣಗಳು ಬೆನ್ನಿಗೆ ಕಟ್ಟಿಕೊಂಡಿದ್ದ ಆ ಗುಣಕ್ಕೆ ಮಾನ್ಯತೆಯೂ ವಿದಾಯವೂ ಒಂದೇ ದಿನ.

ಅಷ್ಟರಲ್ಲಿ ಹೋಕನ್ ಲೀ ಅವರ ವಿಚಾರವೂ ಬಲಿತಿತ್ತು. ನೆದರ್ಲೆಂಡ್ಸ್‌ನ ಬರ್ಟ್ ಬಾಸ್ ಜೊತೆಗೂಡಿ ರೂಪಿಸಿದ ಸಿಎಸ್‌ಎಸ್ 1996ರ ಡಿಸೆಂಬರ್ 17ರಂದು ಪ್ರಮಾಣವಾಗಿತ್ತು. ಅದರಲ್ಲಿ ಫಾಂಟುಗಳನ್ನು ಸಾಲಾಗಿ ಹೇಳಬಹುದು: ಇದಿಲ್ಲದಿದ್ದರೆ ಅದು, ಅದೂ ಇಲ್ಲದಿದ್ದರೆ ಆ ಜಾತಿಯ ಯಾವುದಾದರೂ ಒಂದು. ಅಕ್ಷರ ಅಕ್ಷರವಾಗಿಯೇ ಇದ್ದರೆ ಫಾಂಟ್ ಬದಲಾದರೂ ಓದಿಗೆ ಭಂಗವಿಲ್ಲ ಎಂಬ ನಂಬಿಕೆ ಇದರ ತಳಪಾಯ. ನಮ್ಮ ಪುಟಗಳಿಗೆ ಈ ನಂಬಿಕೆಯೇ ಒಗ್ಗುತ್ತಿರಲಿಲ್ಲ. ಇಲ್ಲಿ ಫಾಂಟ್ ಬದಲಾದರೆ ಉಳಿಯುವುದು ಲ್ಯಾಟಿನ್ ರಾಶಿ.

ನಡುವೆ ಫಾಂಟನ್ನು ಪುಟದ ಜೊತೆಗೇ ಕಳಿಸುವ ‘ಡೈನಮಿಕ್ ಫಾಂಟ್’ ತಂತ್ರ ಬಂತು. 1997ರಲ್ಲಿ ನೆಟ್‌ಸ್ಕೇಪ್ 4 ಬಿಟ್‌ಸ್ಟ್ರೀಮ್ ಕಂಪನಿಯ ಒಂದು ವಿಧಾನ ಹಿಡಿದರೆ, ಎಕ್ಸ್‌ಪ್ಲೋರರ್ 4 ಮೈಕ್ರೋಸಾಫ್ಟಿನದೇ ಇನ್ನೊಂದನ್ನು ಹಿಡಿಯಿತು. ಒಂದರದು ಇನ್ನೊಂದಕ್ಕೆ ಆಗದು. ಭಾರತೀಯ ಭಾಷೆಗಳ ಜಾಲತಾಣಗಳಿಗೆ ಇದು ದೊಡ್ಡ ಉಪಕಾರ ಮಾಡಿತು, ಓದುಗರು ಫಾಂಟ್ ಇಳಿಸಿಕೊಳ್ಳುವ ಕಷ್ಟ ತಪ್ಪಿತು. ಆದರೆ ರೋಗ ಹಾಗೇ ಉಳಿಯಿತು. ಪುಟ ಇನ್ನಷ್ಟು ಸಲೀಸಾಗಿ ಕಾಣಿಸಿದ್ದರಿಂದ, ಒಳಗಿರುವುದು ಕನ್ನಡವಲ್ಲ ಎಂಬುದು ಇನ್ನಷ್ಟು ಮರೆಯಾಯಿತು.

2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, ‘ತುಂಗಾ’ ಎಂಬ ಯುನಿಕೋಡ್ ಫಾಂಟಿನೊಡನೆ. ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಸಿಕ್ಕಿದ್ದ ಬೆಂಬಲ ಈಗ ಕನ್ನಡಕ್ಕೆ ಸಿಕ್ಕಿತು. ಅದೂ ನೇರವಾಗಿ ಅಲ್ಲ. ಸಂಕೀರ್ಣ ಲಿಪಿಗಳ ಕಡತಗಳನ್ನು ಸಿಡಿಯಿಂದ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ ಮನೆ ಸಿಕ್ಕ ತಿಂಗಳಿನಿಂದ ಲೆಕ್ಕ ಹಾಕಿದರೆ ಸರಿಯಾಗಿ ಹತ್ತು ವರ್ಷ. 2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಮೊದಲಿನಿಂದಲೂ ಯುನಿಕೋಡಿನಲ್ಲೇ. ಪತ್ರಿಕೆಗಳ ಜಾಲತಾಣಗಳು ಒಂದೊಂದಾಗಿ ಬದಲಾದವು. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಪುಟ ಭಾರವಾಗುತ್ತದೆ ಎಂಬ ತಕರಾರು ಆಗ ಕೇಳಿಬರುತ್ತಿತ್ತು. ಹುಡುಕಿದರೆ ಸಿಗುವ ಕನ್ನಡಕ್ಕೆ ಅದು ದುಬಾರಿ ಬೆಲೆಯಲ್ಲ.

ಭಾಷೆ ಭಾಷೆಯಾಗಿ ನಿಂತ ಮೇಲೆ ತೋರಿಕೆಯ ನಿಜವಾದ ಪ್ರಶ್ನೆಗಳು ಎದ್ದವು, ಇವು ಇನ್ನೂ ಮುಗಿದಿಲ್ಲ. ಮಾತಿಗೆ ಒತ್ತು ಕೊಡುವ ಟ್ಯಾಗನ್ನು ಬ್ರೌಸರುಗಳು ಓರೆಯಕ್ಷರವಾಗಿ ತೋರಿಸುತ್ತವೆ. ಕನ್ನಡ ಮುದ್ರಣಕ್ಕೆ ಓರೆಯಕ್ಷರದ ಪರಂಪರೆಯಿಲ್ಲ. ನಮ್ಮಲ್ಲಿ ಒತ್ತು ಕೊಡುವುದು ದಪ್ಪ ಅಕ್ಷರದಿಂದ, ಉದ್ಧರಣ ಚಿಹ್ನೆಯಿಂದ. ಯಂತ್ರ ವಾಲಿಸಿದ ಕನ್ನಡ ಕಣ್ಣಿಗೆ ಹಿತವಲ್ಲ. ಕೊಂಡಿಗಳ ಕೆಳಗೆ ಎಳೆಯುವ ಗೆರೆ ಇಂಗ್ಲಿಷಿನಲ್ಲಿ ಪದದ ಕೆಳಗೆ ಓಡಿದರೆ ಕನ್ನಡದಲ್ಲಿ ಬಹುಕಾಲ ಒತ್ತಕ್ಷರಗಳ ಮೇಲೇ ಹಾಯುತ್ತಿತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ‘ಸ್ತ್ರೀ’ ಎಂಬ ಪದದ ಎರಡು ಒತ್ತುಗಳು ಕೆಳಗಿನ ಸಾಲನ್ನು ತಾಕುತ್ತವೆ. ಇವನ್ನೆಲ್ಲ ಸರಿಪಡಿಸಲು ಇಂದಿನ ಸಿಎಸ್‌ಎಸ್‌ನಲ್ಲಿ ಸಾಧನಗಳಿವೆ. ಕನ್ನಡ ಪುಟಗಳನ್ನು ಮಾಡುವವರು ಅವನ್ನು ಬಳಸುವುದು ಕಡಿಮೆ.

ಕರ್ನಾಟಕದ ಇತರ ಭಾಷೆಗಳ ಪಾಡು ಇನ್ನೂ ಕಠಿಣವಾಗಿತ್ತು. ‘ಲ್ಯಾಂಗ್’ ಗುಣಕ್ಕೆ ಆಧಾರವಾದ 1995ರ ನಿಯಮದಲ್ಲಿದ್ದದ್ದು ಎರಡಕ್ಷರದ ಸಂಕೇತಗಳು. ಕನ್ನಡಕ್ಕೆ ಇತ್ತು, ತುಳುವಿಗೆ, ಕೊಂಕಣಿಗೆ, ಕೊಡವಕ್ಕೆ ಇರಲಿಲ್ಲ. 2001ರಲ್ಲಿ ಮೂರಕ್ಷರದ ಸಂಕೇತಗಳಿಗೆ ಅನುಮತಿ ಸಿಕ್ಕಾಗ ಕೊಂಕಣಿಗೆ ಹೆಸರು ಬಂತು. ತುಳು ಮತ್ತು ಕೊಡವಕ್ಕೆ ವೆಬ್ ಪುಟದಲ್ಲಿ ತಮ್ಮದೇ ಗುರುತು ಸಿಕ್ಕಿದ್ದು 2009ರ ಪರಿಷ್ಕರಣೆಯಲ್ಲಿ. ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿದ್ದು 2024ರಲ್ಲಿ.

ಹಳೆಯ ಫಾಂಟುಗಳ ಕಾಲದಲ್ಲಿ ಬರೆದದ್ದು ಕಡಿಮೆಯೇನಲ್ಲ. ಕಥೆ, ಪ್ರಬಂಧ, ಸಂಘಗಳ ಸಂಚಿಕೆಗಳು, ಊರ ಚರಿತ್ರೆಗಳು, ವಂಶಾವಳಿಗಳು, ಅಚ್ಚಾಗದೆ ಉಳಿದ ಹಸ್ತಪ್ರತಿಗಳ ಡಿಟಿಪಿ ಕಡತಗಳು ಹಳೆಯ ಡಿಸ್ಕುಗಳಲ್ಲಿ ಲ್ಯಾಟಿನ್ ವೇಷದಲ್ಲಿ ಕೂತಿವೆ. ಯಾವ ಫಾಂಟಿನಲ್ಲಿ ಬರೆದದ್ದೆಂದು ತಿಳಿಯದಿದ್ದರೆ ಅವನ್ನು ಬಿಡಿಸುವುದು ಕಷ್ಟ. ಫಾಂಟಿನ ಹೆಸರು ಗೊತ್ತಿದ್ದರೆ, ಯುನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಹೇರಳವಾಗಿವೆ. ನಿಮ್ಮ ಮನೆಯಲ್ಲೋ ಸಂಘದಲ್ಲೋ ಅಂಥ ಕಡತಗಳಿದ್ದರೆ, ಫಾಂಟ್ ಕಡತವನ್ನೂ ಜೊತೆಗಿಟ್ಟುಕೊಂಡು, ಬರೆದವರು ಬದುಕಿರುವಾಗಲೇ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಅವರ ಕೈಯಲ್ಲೇ ಒಮ್ಮೆ ತಿದ್ದಿಸಿಟ್ಟುಕೊಳ್ಳಿ. ಜಾಲತಾಣ ನಡೆಸುವವರು ತಮ್ಮ ಪುಟದ ಮೊದಲ ಸಾಲನ್ನು ತೆರೆದು ನೋಡಿ, ಭಾಷೆಯ ಜಾಗದಲ್ಲಿ ಇಂಗ್ಲಿಷಿನ ಗುರುತಿದ್ದರೆ ಅಳಿಸಿ ಕನ್ನಡದ್ದನ್ನು ಹಾಕಿ.